ಹದಿನೆಂಟೂವರೆ ಡಿಗ್ರಿಯ ಶ್ರುತಿ

ಹಿಲ್ಕಾ ಪೂಸ್ತಿನೆನ್ ಹಿರ್ಸಿವಾರಾ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸಲು ತೊಡಗಿ ಮೂವತ್ತೊಂದು ವರ್ಷವಾಗಿತ್ತು. ಭಾನುವಾರದ ಪ್ರಾರ್ಥನೆ, ಮದುವೆ, ಸತ್ತವರ ಮಣ್ಣು, ಗುರುವಾರ ಸಂಜೆ ಹಾಡುಗುಂಪಿನ ಅಭ್ಯಾಸ, ಎಲ್ಲವೂ ಅವಳದೇ. ಊರಿನವರು ಅವಳನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ಕಾಂತೊರಿ ಎಂದು ಕೆಲಸದ ಹೆಸರಿನಿಂದ ಕರೆಯುವುದೇ ಹೆಚ್ಚು. ಫೆಬ್ರುವರಿಯ ಒಂದು ಮಂಗಳವಾರ ಅವಳು ಅಂಗಳದ ಹಿಮ ಎತ್ತಿ ಹಾಕುತ್ತಿದ್ದಾಗ ಓತ್ಸೊನ ಫೋನು ಬಂತು.

ಓತ್ಸೊ ಎಂಟು ವರ್ಷದವನಿದ್ದಾಗ ಅವಳ ಮಕ್ಕಳ ಗುಂಪಿನಲ್ಲಿ ಹಾಡುತ್ತಿದ್ದವನು. ಈಗ ನಲವತ್ತರ ಹತ್ತಿರ ಬಂದಿದ್ದ. ಅವನು ಕಟ್ಟಿದ ರೌತಸಾರಿ ಎಂಬ ಅಬ್ಬರದ ಮೆಟಲ್ ಸಂಗೀತದ ತಂಡದ ಚಿತ್ರ ಊರಿನ ಬಸ್ ನಿಲ್ದಾಣದ ಗೋಡೆಯ ಮೇಲೇ ಇತ್ತು. ಹಾಡುಗಳನ್ನು ಬರೆಯುವವನು ಅವನೇ, ಕೀಬೋರ್ಡ್ ನುಡಿಸುವವನೂ ಅವನೇ. ಹಿಲ್ಕಾಳ ಹತ್ತಿರ ಅವರ ಐದೂ ಆಲ್ಬಮ್ ಇದ್ದವು. ಎರಡನೆಯದು ಅವಳಿಗೆ ತುಂಬ ಹಿಡಿಸಿತ್ತು. ನಾಲ್ಕನೆಯದರಲ್ಲಿ ಎಲ್ಲರೂ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ನುಡಿಸಿದ್ದಾರೆ ಎಂದು ಅವಳಿಗೆ ಅನ್ನಿಸಿತ್ತು. ಅದನ್ನು ಅವನಿಗೆ ಹೇಳಿಯೂ ಇದ್ದಳು.

ಹೊಸ ಆಲ್ಬಮ್ಮಿನ ಕೊನೆಯ ಹಾಡು ಹದಿನೆಂಟು ನಿಮಿಷದ್ದು, ಹೊಳೆಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದವರ ಕಡೆಯ ವಸಂತದ ಬಗ್ಗೆ ಎಂದು ಓತ್ಸೊ ಹೇಳಿದ. ಅರವತ್ತು ಜನರ ವಾದ್ಯವೃಂದ, ಮೂವತ್ತು ಜನರ ಹಾಡುಮೇಳ, ಗಿಟಾರು, ಡ್ರಮ್ಮು ಎಲ್ಲ ಮುಗಿದಿದೆಯಂತೆ. ವಾದ್ಯಗಳಲ್ಲಿ ಉಳಿದಿರುವುದು ಆರ್ಗನ್ ಒಂದೇ. ಕಂಪ್ಯೂಟರಿನೊಳಗೆ ಯಾವುದೋ ದೊಡ್ಡ ಕಲ್ಲಿನ ಇಗರ್ಜಿಯ ಆರ್ಗನ್ನಿನ ದನಿ ಇದೆ, ಸದ್ಯಕ್ಕೆ ಅದನ್ನೇ ಹಾಕಿಕೊಂಡಿದ್ದೇನೆ, ಆದರೆ ಮಿಕ್ಕಿದ್ದೆಲ್ಲ ಮನುಷ್ಯರು ಕೂತು ನುಡಿಸಿದ್ದಾಗಿರುವಾಗ ಇದೊಂದು ಮಾತ್ರ ಡಬ್ಬದ ದನಿ ಆಗಬಾರದು ಎಂದ. ಹಿಲ್ಕಾ ಒಪ್ಪಿಕೊಂಡಳು. ಒಪ್ಪಿಕೊಳ್ಳುವುದಕ್ಕೆ ಮುಂಚೆ ಯೋಚನೆಯನ್ನೂ ಮಾಡಲಿಲ್ಲ.

ವಾರ ಕಳೆದು ಓತ್ಸೊ ಬಂದ. ಇಬ್ಬರೂ ಮೇಲಂಗಿ ಬಿಚ್ಚದೆಯೇ ಆರ್ಗನ್ ಇರುವ ಅಟ್ಟಣೆ ಹತ್ತಿದರು. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಒಂದಿಷ್ಟು ಕಾಯಿಸುವುದು ಬಿಟ್ಟರೆ ಚರ್ಚನ್ನು ಕಾಯಿಸುವುದಿಲ್ಲ, ಒಳಗೆ ಆರೇ ಡಿಗ್ರಿ ಇತ್ತು. ಹಿಲ್ಕಾ ಒಂದು ಬಿಳಿಮನೆ ಒತ್ತಿ ಹಿಡಿದಳು. ಓತ್ಸೊ ಶ್ರುತಿ ನೋಡುವ ಯಂತ್ರ ಹಿಡಿದು ಮುಳ್ಳನ್ನೇ ನೋಡುತ್ತ ನಿಂತ. ಅದು ಎಡಕ್ಕೆ ಹೋಗಿ ಅಲ್ಲೇ ಕೂತಿತು. ಅರ್ಧ ಸ್ವರದ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಇಳಿದಿತ್ತು. ಅವನ ಅರವತ್ತು ಜನರ ವಾದ್ಯವೃಂದದ ಪಕ್ಕದಲ್ಲಿ ಇದನ್ನಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ.

ತಣ್ಣನೆ ಗಾಳಿಗೆ ಕೊಳವೆಗಳ ಶ್ರುತಿ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂದಳು ಹಿಲ್ಕಾ. ಈ ಆರ್ಗನ್ನನ್ನು ಶ್ರುತಿ ಮಾಡಿದವರು ಹದಿನೆಂಟೂವರೆ ಡಿಗ್ರಿಗೆ ಮಾಡಿಟ್ಟಿದ್ದಾರೆ. ಹಾಗಾದರೆ ಒಂದು ವಾರ ಚರ್ಚನ್ನು ಕಾಯಿಸಿಬಿಡೋಣ ಎಂದು ಓತ್ಸೊ ಕೆಳಗಿಳಿದು ಚರ್ಚು ನೋಡಿಕೊಳ್ಳುವ ವೇಯೊನನ್ನು ಕೇಳಿದ. ವೇಯೊ ಮೊಂಬತ್ತಿಯ ಮೇಣ ಕೆರೆಯುತ್ತಿದ್ದವನು ತಲೆ ಎತ್ತಲಿಲ್ಲ.

"ಕಾಯಿಸೋಕೆ ನನ್ನದೇನೂ ಅಡ್ಡಿಯಿಲ್ಲ. ಒಣಗಾಳಿಗೆ ಆರ್ಗನ್ ಪೆಟ್ಟಿಗೆ ಸೀಳಿದ್ರೆ ನಿನ್ನ ಗಿಟಾರಿನವರು ಬಂದು ಅಂಟಿಸಿಕೊಡ್ತಾರಾ?"

ಓತ್ಸೊ ಮೇಲೆ ನಿಂತಿದ್ದ ಹಿಲ್ಕಾಳ ಮುಖ ನೋಡಿದ. ಹಿಲ್ಕಾ ವೇಯೊನ ಕಡೆಗೇ ಇದ್ದಳು. ಜುಲೈವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ ಎಂದಳು. ಆಲ್ಬಮ್ ಬಿಡುಗಡೆಯಾಗಬೇಕಿದ್ದದ್ದು ಮೇ ತಿಂಗಳಲ್ಲಿ. ಕಂಪನಿಯವರ ಹತ್ತಿರ ಏನು ಹೇಳಬೇಕೆಂದು ಯೋಚಿಸುತ್ತ ಓತ್ಸೊ ಹೊರಟ. ಹೋಗುವಾಗ ಆರ್ಗನ್ನಿಗೆ ತಾನು ಬರೆದಿದ್ದ ಹಾಳೆಗಳನ್ನು ಅವಳ ಕೈಗೆ ಕೊಟ್ಟ.

ಆ ಹಾಳೆಗಳನ್ನು ಹಿಲ್ಕಾ ಮೂರು ಸಂಜೆ ಮುಂದಿಟ್ಟುಕೊಂಡು ಕೂತಳು. ಹಾಡಿನ ಮಧ್ಯೆ ಒಂದು ಜಾಗದಲ್ಲಿ ಎಲ್ಲ ವಾದ್ಯಗಳೂ ನಿಂತು ತಂಡದ ಗಾಯಕಿ ಸಾಯ್ಮಿಯ ದನಿ ಮತ್ತು ಆರ್ಗನ್ ಮಾತ್ರ ಉಳಿಯುತ್ತವೆ, ಹನ್ನೆರಡು ಸಾಲು. ಆಮೇಲೆ ಮತ್ತೆ ಎಲ್ಲರೂ ಸೇರಿ ಕೊನೆಯವರೆಗೂ ಮೊರೆಯುತ್ತಾರೆ. ಆ ಮೊರೆತದಲ್ಲೂ ಓತ್ಸೊ ಆರ್ಗನ್ನಿಗೆ ಎರಡು ಕೈ ತುಂಬ, ಕೆಳಸ್ವರದ ಕಾಲುಮನೆಗಳ ಮೇಲೆ ಎರಡು ಕಾಲು ತುಂಬ ಕೆಲಸ ಕೊಟ್ಟಿದ್ದ. ಕಲ್ಲಿನ ಇಗರ್ಜಿಯ ದನಿ ಕೇಳಿಕೊಂಡು ಬರೆದದ್ದೆಂದು ಅವಳಿಗೆ ಗೊತ್ತಾಯಿತು. ಅಲ್ಲಿ ಒಂದು ಸ್ವರ ಬಿಟ್ಟರೆ ಅದು ಎಂಟು ಸೆಕೆಂಡು ಮೇಲೆ ಸುತ್ತುತ್ತದೆ. ಹಿರ್ಸಿವಾರಾದ್ದು ಮರದ ಚರ್ಚು, ದನಿಯನ್ನು ಕುಡಿದುಬಿಡುತ್ತದೆ. ಹದಿನಾಲ್ಕು ಸಾಲು ಕೊಳವೆಯ ಈ ಸಣ್ಣ ಆರ್ಗನ್ನು ಹಾಗೆ ಕೂಗಲು ಹೋದರೆ ಗಂಟಲು ಹರಿದ ಹಾಗಾಗುತ್ತದೆ. ಅವಳು ಪೆನ್ಸಿಲ್ ತೆಗೆದುಕೊಂಡು ಹೊಡೆದು ಹಾಕುತ್ತ ಹೋದಳು. ಕೊನೆಯ ಮೊರೆತದಿಂದ ಆರ್ಗನ್ನನ್ನು ಪೂರ್ತಿ ತೆಗೆದಳು. ಹನ್ನೆರಡು ಸಾಲಿನಲ್ಲಿ ಒಂದೇ ಮರದ ಕೊಳವೆಸಾಲು, ಒಂದೊಂದು ಕಡೆ ಎರಡೇ ಸ್ವರ, ಇಷ್ಟನ್ನು ಉಳಿಸಿ ಅಂಚೆಯಲ್ಲಿ ಕಳಿಸಿದಳು.

ಓತ್ಸೊ ಫೋನು ಮಾಡಿದ.

"ಬರೆದಿದ್ರಲ್ಲಿ ಅರ್ಧ ಹೊಡೆದು ಹಾಕಿದ್ದೀರಲ್ಲ ಕಾಂತೊರಿ."

"ಅರ್ಧ ಅಲ್ಲ. ಮೂರರಲ್ಲಿ ಎರಡು ಪಾಲು."

ಹಾಡಿನ ಕೊನೆಯಲ್ಲಿ ಆರ್ಗನ್ ಬರಬೇಕು ಎಂಬುದಕ್ಕೇ ತಾನು ಇದನ್ನೆಲ್ಲ ಶುರುಮಾಡಿದ್ದು ಎಂದು ಅವನು ಹೇಳಿದ. ಅಲ್ಲಿ ಈಗಾಗಲೇ ಎಂಟು ದೊಡ್ಡ ಪಿಟೀಲು, ಎರಡು ಗಿಟಾರು, ಬೇಸು, ಡ್ರಮ್ಮಿನವನ ಎರಡು ಕಾಲು ಎಲ್ಲ ಕೆಳಗಿನ ಸ್ವರದಲ್ಲೇ ಕೂತಿವೆ, ಇನ್ನೊಬ್ಬರಿಗೆ ಕೂರಲು ಜಾಗವೆಲ್ಲಿದೆ ಎಂದು ಹಿಲ್ಕಾ ಕೇಳಿದಳು. ಅವನು ಸರಿ ನೋಡೋಣ ಎಂದು ಫೋನಿಟ್ಟ. ಆಮೇಲೆ ಎರಡು ತಿಂಗಳು ಸದ್ದಿಲ್ಲ. ಕಂಪ್ಯೂಟರಿನ ಆರ್ಗನ್ನನ್ನೇ ಇಟ್ಟುಕೊಂಡಿರಬೇಕು ಎಂದುಕೊಂಡಳು ಹಿಲ್ಕಾ. ಬೇಸರವಾಯಿತು. ಆದರೆ ಹೊಡೆದು ಹಾಕಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಮೇ ತಿಂಗಳಲ್ಲಿ, ಕೆರೆಯ ಮೇಲಿನ ಹಿಮಗಡ್ಡೆ ಒಡೆದು ನೀರು ಕಾಣಿಸಿಕೊಂಡ ವಾರ, ಅವನೇ ಮನೆಗೆ ಬಂದ. ಅವಳು ಕಾಫಿ ಕುದಿಸಿ ಏಲಕ್ಕಿ ಬನ್ನು ಮುಂದಿಟ್ಟಳು. ಅವನು ಒಂದು ಬನ್ನು ಪೂರ್ತಿ ತಿಂದು ಮುಗಿಸುವವರೆಗೂ ವಿಷಯಕ್ಕೆ ಬರಲಿಲ್ಲ. ಆಮೇಲೆ ಹೇಳಿದ. ಕೊನೆಯ ಭಾಗವನ್ನು ಎಷ್ಟು ಸಲ ತಿದ್ದಿ ಜೋಡಿಸಿದರೂ ಕೆಸರಿನಂತೆ ಕೇಳುತ್ತಿತ್ತಂತೆ. ಧ್ವನಿಮುದ್ರಣ ನೋಡಿಕೊಳ್ಳುವ ರೈನೆ ಒಂದು ದಿನ ಅವನನ್ನು ಕೇಳದೆಯೇ ಆರ್ಗನ್ನನ್ನು ನಿಲ್ಲಿಸಿ ಹಾಡು ಹಾಕಿದನಂತೆ. ಕಹಳೆಗಳು, ಮೇಳ, ಡ್ರಮ್ಮು ಒಂದೊಂದೂ ಬೇರೆಬೇರೆಯಾಗಿ ಕೇಳಿಸಿದವಂತೆ.

"ಹಾಗಾದ್ರೆ ನೀವು ಹೇಳಿದ್ದೇ ಸರಿ."

"ರೈನೆ ಕಿವಿ ಚೆನ್ನಾಗಿದೆ ಅಂತ ಹೇಳು ಅವನಿಗೆ," ಎಂದು ಹಿಲ್ಕಾ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಜುಲೈ ಎರಡನೇ ವಾರ ದಿನ ಗೊತ್ತಾಯಿತು. ಆ ಬೇಸಗೆ ಯಾರೂ ಎಣಿಸದಷ್ಟು ಸೆಖೆ. ಮಧ್ಯಾಹ್ನದ ಹೊತ್ತಿಗೆ ಚರ್ಚಿನೊಳಗೆ ಇಪ್ಪತ್ತೈದು ಡಿಗ್ರಿ ಏರಿ, ಇಳಿದಿದ್ದ ಶ್ರುತಿ ಈಗ ಮೇಲಕ್ಕೆ ಹೋಗಿ ಕೂತಿತ್ತು. ಬೆಳಿಗ್ಗೆ ಆರಕ್ಕೇ ಬನ್ನಿ ಎಂದಳು ಹಿಲ್ಕಾ. ಅಷ್ಟು ಹೊತ್ತಿಗೆ ಬಂದರೆ ವೇಯೊ ಎಲ್ಲ ಬಾಗಿಲು ತೆರೆದಿಟ್ಟು ತಂಪುಗಾಳಿ ಬಿಡುತ್ತಿದ್ದ. ಗೋರಿಗಳ ನಡುವಿನ ಹುಲ್ಲು ಕೊಯ್ಯುವ ಯಂತ್ರವನ್ನು ಹತ್ತು ಗಂಟೆವರೆಗೆ ಶುರುಮಾಡಬಾರದೆಂದು ಕೆಲಸದವರಿಗೆ ಹೇಳಿಯೂ ಇದ್ದ. ಓತ್ಸೊ, ರೈನೆ, ಸಾಯ್ಮಿ ಮೂವರೂ ಮೆಟ್ಟಿಲ ಮೇಲೆ ಫ್ಲಾಸ್ಕಿನ ಕಾಫಿ ಹಿಡಿದು ಕೂತಿದ್ದರು. ಸಾಯ್ಮಿ ತನ್ನ ಪಾಲನ್ನು ಮಾರ್ಚಿನಲ್ಲೇ ಸ್ಟುಡಿಯೊದಲ್ಲಿ ಹಾಡಿ ಮುಗಿಸಿದ್ದವಳು, ಸುಮ್ಮನೆ ಕೇಳೋಣವೆಂದು ಬಂದಿದ್ದಳು. ಒಪೆರಾ ಕಲಿತವಳು, ಮಾತು ಕಡಿಮೆ, ಕಾಲಿಗೆ ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಳ್ಳುತ್ತಿದ್ದಳು. ವೇಯೊ ಹದಿನೈದು ನಿಮಿಷಕ್ಕೊಮ್ಮೆ ಅಟ್ಟಣೆಯ ಉಷ್ಣಮಾಪಕ ನೋಡಿ ಬಂದು ಹೇಳುತ್ತಿದ್ದ. ಇಪ್ಪತ್ತು. ಹತ್ತೊಂಬತ್ತೂವರೆ. ಹತ್ತೊಂಬತ್ತು. ಆರೂ ಐವತ್ತಕ್ಕೆ ಹದಿನೆಂಟೂವರೆ ಎಂದ. ಎಲ್ಲರೂ ಎದ್ದರು.

ಶ್ರುತಿ ಕೂಡಿತು. ಆದರೆ ತಾಳ ಕೂಡಲಿಲ್ಲ. ರೈನೆ ಹಿಲ್ಕಾಳ ಕಿವಿಗೆ ಹೆಡ್‌ಫೋನ್ ಹಾಕಿದ. ಅದರಲ್ಲಿ ಸಾಯ್ಮಿ ಮಾರ್ಚಿನಲ್ಲಿ ಹಾಡಿದ್ದು ಕೇಳುತ್ತಿತ್ತು, ಅದರ ಹಿಂದೆ ಟಿಕ್ ಟಿಕ್ ಎಂದು ಯಂತ್ರದ ತಾಳ. ಆರ್ಗನ್ನಿನಲ್ಲಿ ಬೆರಳು ಒತ್ತಿದ ಮೇಲೆ ಗಾಳಿ ಕೊಳವೆಗೆ ಹೋಗಿ ದನಿ ಹುಟ್ಟಲು ಒಂದು ಚೂರು ಹೊತ್ತು ಬೇಕು. ಆ ಚೂರನ್ನು ಮುಂಚೆಯೇ ಹಿಡಿದು ನುಡಿಸುವುದು ಅವಳಿಗೆ ಅಭ್ಯಾಸವೇ. ಆದರೂ ಎರಡು ಸಾಲು ಆಗುವಷ್ಟರಲ್ಲಿ ಅವಳು ಹಿಂದೆ ಬೀಳುತ್ತಿದ್ದಳು. ಐದು ಸಲ ನುಡಿಸಿದಳು, ಐದು ಸಲವೂ ಹಾಗೇ. ಪರವಾಗಿಲ್ಲ, ಸ್ವರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಮುಂದೆ ತಳ್ಳಿ ಸರಿಮಾಡುತ್ತೇನೆ ಎಂದು ರೈನೆ ಮೃದುವಾಗಿಯೇ ಹೇಳಿದ. ಹಿಲ್ಕಾಳ ಕಿವಿ ಕೆಂಪಾಯಿತು. ಮೂವತ್ತೊಂದು ವರ್ಷದಲ್ಲಿ ಅವಳು ನುಡಿಸಿದ್ದನ್ನು ಯಾರೂ ತಳ್ಳಿ ಸರಿಮಾಡಿರಲಿಲ್ಲ. ಹೆಡ್‌ಫೋನ್ ತೆಗೆದು ಬೆಂಚಿನ ಮೇಲಿಟ್ಟಳು.

"ಈ ಟಿಕ್ ಟಿಕ್‌ಗೆ ಉಸಿರೇ ಇಲ್ಲ ಕಣಪ್ಪ. ಅದು ಎಲ್ಲಿ ಉಸಿರು ತಗೊಳ್ಳುತ್ತೆ ಅಂತ ನಾನು ಕಾಯ್ತಾ ಕೂರ್ತೀನಿ. ಅದು ತಗೊಳ್ಳೋದೇ ಇಲ್ಲ."

ಅವಳು ಕಟಕಟೆಯ ಮೇಲೆ ಬಗ್ಗಿ, ಕೆಳಗೆ ಬೆಂಚಿನಲ್ಲಿ ಕೂತಿದ್ದ ಸಾಯ್ಮಿಯನ್ನು ಮೇಲಕ್ಕೆ ಬರುತ್ತೀಯಾ ಎಂದು ಕೇಳಿದಳು. ಪಾದ್ರಿ ಬಲಿಪೀಠದ ಹತ್ತಿರ ಏನು ಮಾಡುತ್ತಿದ್ದಾರೆಂದು ನೋಡಲು ಆರ್ಗನ್ನಿನ ಮೇಲೊಂದು ಕನ್ನಡಿ ಇತ್ತು. ಸಾಯ್ಮಿಯನ್ನು ಕಟಕಟೆಯ ಪಕ್ಕ ನಿಲ್ಲಿಸಿ, ಉಸಿರೆಳೆದಾಗ ಅವಳ ಭುಜ ಏರುವುದು ಕಾಣುವಂತೆ ಆ ಕನ್ನಡಿಯನ್ನು ತಿರುಗಿಸಿಕೊಂಡಳು. ತಾನು ಬೆಳಿಗ್ಗೆಯಿಂದ ಗಂಟಲು ಬಿಸಿ ಮಾಡಿಲ್ಲ ಎಂದಳು ಸಾಯ್ಮಿ. ಮೆಲ್ಲಗೆ ಹಾಡು, ಸಾಕು ಎಂದಳು ಹಿಲ್ಕಾ.

ಮೊದಲ ಸಲ ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಿಂತುಬಿಟ್ಟರು. ನಗು ಬಂತು. ಎರಡನೇ ಸಲ ಮಧ್ಯದಲ್ಲಿ ರಸ್ತೆಯ ಮೇಲೆ ಮರದ ಲಾರಿ ಹೋಯಿತು. ಮೂರನೇ ಸಲ ಸಾಯ್ಮಿಯ ಭುಜ ಏರಿತು, ಹಿಲ್ಕಾಳ ಕೈ ಏರಿತು, ದನಿ ಮತ್ತು ಕೊಳವೆ ಒಟ್ಟಿಗೆ ಹುಟ್ಟಿದವು. ಹಿಲ್ಕಾಳಿಗೆ ಇದು ಹೊಸತಾಗಿರಲಿಲ್ಲ. ಎಷ್ಟೋ ಭಾನುವಾರ ಮುದುಕರ ಎದೆಯಲ್ಲಿ ಗಾಳಿ ತುಂಬುವವರೆಗೆ ಅವಳು ಹೀಗೆಯೇ ಕಾದಿದ್ದಳು. ಆದರೆ ಇಂಥ ದನಿಗೆ ಕಾದಿರಲಿಲ್ಲ. ಸಾಯ್ಮಿ ಆರನೇ ಸಾಲಿನ ಕೊನೆಯ ಸ್ವರವನ್ನು ಬಿಡಲೋ ಬೇಡವೋ ಎಂಬಂತೆ ಎಳೆದಾಗ ಹಿಲ್ಕಾ ಕಾಲಿನ ಕೆಳಸ್ವರವನ್ನು ಹಾಗೇ ಹಿಡಿದಿಟ್ಟುಕೊಂಡಳು. ತಿದಿಯಿಂದ ಗಾಳಿ ಸುಯ್ಯೆನ್ನುವುದೂ ಕೇಳುತ್ತಿತ್ತು. ಹನ್ನೆರಡು ಸಾಲು ಮುಗಿದಾಗ ಕೆಳಗೆ ನಿಂತಿದ್ದ ವೇಯೊ ಟೋಪಿ ಕೈಯಲ್ಲಿ ಹಿಡಿದಿದ್ದ.

ತಿದಿಯ ಸುಯ್ಯೆನ್ನುವ ಸದ್ದನ್ನು ಬೇಕಾದರೆ ತೆಗೆಯಬಹುದು ಎಂದ ರೈನೆ. ಯಾರೂ ಬೇಕು ಎನ್ನಲಿಲ್ಲ. ಮಾರ್ಚಿನ ಹಾಡಿಕೆಯನ್ನು ಎಸೆದು ಇದನ್ನೇ ಇಡೋಣ, ಮುಂದಿನ ಭಾಗವನ್ನು ಡ್ರಮ್ಮಿನವನು ಇವರಿಬ್ಬರ ಕೊನೆಯ ಸ್ವರ ಕೇಳಿಕೊಂಡು ಹೊಸದಾಗಿ ಎತ್ತಿಕೊಳ್ಳಲಿ ಎಂದು ಓತ್ಸೊ ಹೇಳಿದ. ಮಾರನೇ ಬೆಳಿಗ್ಗೆ, ಅದೇ ಹದಿನೆಂಟೂವರೆ ಡಿಗ್ರಿಯಲ್ಲಿ, ರೈನೆ ಆ ಮರದ ಸಾಲಿನ ಒಂದೊಂದು ಕೊಳವೆಯ ದನಿಯನ್ನೂ, ಬೇಕಾದಾಗ ಕೀಬೋರ್ಡಿನಿಂದ ನುಡಿಸಲು ಆಗಲೆಂದು, ಬೇರೆಬೇರೆಯಾಗಿ ಹಿಡಿದಿಟ್ಟುಕೊಂಡು ಹೋದ.

ಅಕ್ಟೋಬರಿನಲ್ಲಿ ಆಲ್ಬಮ್ ಬಂತು. ಹಿಲ್ಕಾಳ ಮನೆಯಲ್ಲಿದ್ದದ್ದಕ್ಕಿಂತ ಕಾರಿನ ಸ್ಪೀಕರು ವಾಸಿಯಾದ್ದರಿಂದ ಅವಳು ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ ಕೇಳಿದಳು. ಕೊನೆಯ ಹಾಡಿನ ಮೊದಲ ಎಂಟು ನಿಮಿಷ ಡ್ರಮ್ಮು ಹೊಳೆಯ ಸೆಳವಿನ ಹಾಗೆ ಓಡಿತು, ಗಿಟಾರುಗಳು ಅದರ ಮೇಲೆ ದಿಮ್ಮಿಗಳಂತೆ ಉರುಳಿದವು, ಪಿಟೀಲುಗಳು ದಡದಲ್ಲಿ ಓಡಿ ಬರುತ್ತಿದ್ದವು. ಕಾರಿನ ಬಾಗಿಲು ಅದುರಿತು. ಆಮೇಲೆ ಒಮ್ಮೆಗೇ ಎಲ್ಲ ನಿಂತು ತನ್ನ ಚರ್ಚಿನ ಗಾಳಿ ಕೇಳಿಸಿತು. ಅಷ್ಟು ದೊಡ್ಡ ಸದ್ದಿನ ಪಕ್ಕದಲ್ಲಿ ಅಷ್ಟು ಸಣ್ಣದಾಗಿ ಇರಬಹುದೆಂದು ಅವಳೇ ಎಣಿಸಿರಲಿಲ್ಲ. ಕೊನೆಯ ಸ್ವರ ಆರಿದ ಮೇಲೆ ಡ್ರಮ್ಮಿನವನು ಒಂದು ಉಸಿರಿನಷ್ಟು ತಡೆದು ಹೊಡೆದಿದ್ದ. ಅವನು ಕೇಳಿಸಿಕೊಂಡಿದ್ದಾನೆ ಎಂದು ಅವಳಿಗೆ ಸಮಾಧಾನವಾಯಿತು. ಎರಡನೇ ಸಲ ಹಾಕಿಕೊಂಡು ಕೇಳಿ ಮನೆಗೆ ಹೋದಳು. ಆರ್ಗನ್ ಇನ್ನೂ ಜೋರಾಗಿ ಇಡಬೇಕಿತ್ತು ಎಂದು ವೇಯೊ ಎರಡು ವಾರ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ನವೆಂಬರಿನಲ್ಲಿ ಕುವೊಪಿಯೊ ನಗರದ ಐಸ್ ಹಾಕಿ ಅಂಗಣದಲ್ಲಿ ತಂಡದ ಕಾರ್ಯಕ್ರಮವಿತ್ತು. ಓತ್ಸೊ ಅವಳಿಗೂ ವೇಯೊನಿಗೂ ಟಿಕೆಟ್ ಕಳಿಸಿದ್ದ. ಹಿಲ್ಕಾ ಕಿವಿಗೆ ಮೇಣದ ಬಿರಡೆ ಇಟ್ಟುಕೊಂಡು ಕೂತಳು. ವೇಯೊ ತನಗೆ ಬೇಡವೆಂದ, ಎರಡು ಹಾಡು ಮುಗಿಯುವಷ್ಟರಲ್ಲಿ ಕೇಳಿ ಇಸಿದುಕೊಂಡ. ಕೊನೆಯ ಹಾಡಿನ ಆ ಜಾಗ ಬಂದಾಗ ಆರ್ಗನ್ನಿನ ದನಿ ಕಂಪ್ಯೂಟರಿನಿಂದ ಬಂತು, ಜುಲೈನಲ್ಲಿ ಹಿಡಿದದ್ದೇ. ಸಾಯ್ಮಿಗೆ ಆ ದಿನ ನೆಗಡಿಯಾಗಿತ್ತು. ಮೂರನೇ ಸಾಲಿನ ಕೊನೆಗೆ ಅವಳ ಭುಜ ಏರಿದ್ದು ಹಿಲ್ಕಾಳಿಗೆ ದೊಡ್ಡ ಪರದೆಯ ಮೇಲೆ ಕಂಡಿತು. ಆದರೆ ಆರ್ಗನ್ ನಿಲ್ಲದೆ ಮುಂದೆ ಹೋಯಿತು. ಸಾಯ್ಮಿ ಒಂದು ಪದ ನುಂಗಿ ಅದನ್ನು ಹಿಡಿಯಲು ಓಡಿದಳು. ಜನಕ್ಕೆ ಗೊತ್ತಾಗಲಿಲ್ಲ, ಐದು ಸಾವಿರ ಮಂದಿ ಕೈ ಎತ್ತಿ ಕೂಗಿದರು. ಹಿಲ್ಕಾಳ ಕಾಲು ಕುರ್ಚಿಯ ಕೆಳಗೆ ಇಲ್ಲದ ಕೆಳಸ್ವರವನ್ನು ಒತ್ತಿ ಹಿಡಿದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಓತ್ಸೊ ಅವರನ್ನು ವೇದಿಕೆಯ ಹಿಂದಕ್ಕೆ ಕರೆಸಿಕೊಂಡ. ಹೇಗಿತ್ತು ಎಂದು ಕೇಳಿದ.

"ಅವಳಿಗೆ ಮೂರನೇ ಸಾಲಿನಲ್ಲಿ ಉಸಿರು ಬೇಕಿತ್ತು," ಎಂದಳು ಹಿಲ್ಕಾ. "ನಾನು ಕೊಡಲಿಲ್ಲ."

"ಅದು ನೀವಲ್ಲವಲ್ಲ, ಕಂಪ್ಯೂಟರು."

"ನುಡಿಸಿದ್ದು ನಾನೇ ತಾನೇ? ಜುಲೈನಲ್ಲಿ ಅವಳಿಗೆ ಅಲ್ಲಿ ಬೇಕಿರಲಿಲ್ಲ. ಇವತ್ತು ಬೇಕಿತ್ತು. ಅದು ಆ ಪೆಟ್ಟಿಗೆಗೆ ಹೇಗೆ ಗೊತ್ತಾಗಬೇಕು?"

ಪಕ್ಕದಲ್ಲಿ ಬಿಸಿನೀರು ಕುಡಿಯುತ್ತಿದ್ದ ಸಾಯ್ಮಿ ಹೌದೆಂದು ತಲೆಯಾಡಿಸಿದಳು. ಓತ್ಸೊ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ, ಹಾಗಾದರೆ ಚಳಿಗಾಲದ ಪ್ರವಾಸಕ್ಕೆ ಕಾಂತೊರಿಯೇ ಬಂದುಬಿಡಲಿ, ಇನ್ನೂ ಇಪ್ಪತ್ತು ಊರು ಇವೆ ಎಂದ. ಗುರುವಾರಗಳಲ್ಲಿ ತನಗೆ ಅಭ್ಯಾಸವಿದೆ ಎಂದಳು ಹಿಲ್ಕಾ. ನನ್ನ ಕೊಳವೆಗಳ ದನಿ ರೈನೆ ಹತ್ತಿರ ಇದೆ, ನಿನ್ನ ಹತ್ತಿರ ಹತ್ತು ಬೆರಳಿದೆ, ನೀನೇ ನುಡಿಸು ಎಂದಳು. ಇಪ್ಪತ್ತು ವರ್ಷದಿಂದ ಕಿವಿಯೊಳಗಿನ ಟಿಕ್ ಟಿಕ್‌ಗೇ ನುಡಿಸಿಕೊಂಡು ಬಂದವನು ತಾನು, ಕಾಯುವುದು ತನಗೆ ಬರುವುದಿಲ್ಲ ಎಂದು ಓತ್ಸೊ ಒಪ್ಪಿಕೊಂಡ.

"ಭಾನುವಾರ ಹತ್ತು ಗಂಟೆಗೆ ಚರ್ಚಿಗೆ ಬಾ," ಎಂದಳು ಹಿಲ್ಕಾ. "ಒಂಬತ್ತೂವರೆಗೇ ಬಾ."

ಅವನು ಬಂದ. ಆ ಭಾನುವಾರ ಕೆಳಗೆ ಇಪ್ಪತ್ಮೂರು ಜನ ಇದ್ದರು, ಹೆಚ್ಚಿನವರು ಎಪ್ಪತ್ತು ದಾಟಿದವರು. ಹಿಲ್ಕಾ ಬೆಂಚಿನ ಅಂಚಿನಲ್ಲಿ ಕೂತು ಮೊದಲ ಕೀರ್ತನೆಯನ್ನು ಅವನಿಗೆ ಬಿಟ್ಟುಕೊಟ್ಟಳು. ಅವನ ಬೆರಳು ಅವಳ ಬೆರಳಿಗಿಂತ ಚುರುಕು, ಒಂದು ಸ್ವರವೂ ತಪ್ಪಲಿಲ್ಲ. ಆದರೆ ಮೊದಲ ಚರಣ ಅವನು ಮುಗಿಸಿ ಕೂತಾಗ ಕೆಳಗಿನವರಿಗೆ ಇನ್ನೂ ಅರ್ಧ ಸಾಲು ಬಾಕಿಯಿತ್ತು. ಅವರು ತಮ್ಮಷ್ಟಕ್ಕೆ ಹಾಡಿ ಮುಗಿಸಿದರು. ಎರಡನೇ ಚರಣದಲ್ಲಿ ಅವನು ನಿಧಾನ ಮಾಡಿದ. ಅವನು ನಿಧಾನವಾದಷ್ಟೂ ಅವರೂ ನಿಧಾನವಾಗುತ್ತ ಹೋಗಿ ಹಾಡು ನಿಂತೇ ಹೋಗುವ ಹಾಗಾಯಿತು. ಹಿಲ್ಕಾ ಅವನ ಕೈ ಮುಟ್ಟಲಿಲ್ಲ. ಹಾಳೆ ನೋಡಬೇಡ, ಕನ್ನಡಿ ನೋಡು, ಎರಡನೇ ಸಾಲಿನ ನೀಲಿ ಟೋಪಿಯ ಹೆಂಗಸನ್ನು ನೋಡಿಕೊಂಡು ನುಡಿಸು ಎಂದು ಪಿಸುಗುಟ್ಟಿದಳು. ಮೂರನೇ ಚರಣಕ್ಕೆ ಅವನು ಕತ್ತೆತ್ತಿದ. ನೀಲಿ ಟೋಪಿ ಕೊಂಚ ಹಿಂದಕ್ಕೆ ವಾಲಿತು, ಅವನು ತಡೆದ, ಟೋಪಿ ಮುಂದಕ್ಕೆ ಬಂತು, ಅವನೂ ಬಂದ. ನಾಲ್ಕನೇ ಚರಣದಲ್ಲಿ ಎಲ್ಲರೂ ಒಟ್ಟಿಗೆ ಮುಗಿಸಿದರು.

ಪ್ರಾರ್ಥನೆಯ ನಂತರದ ಕಾಫಿಗೆ ಆ ನೀಲಿ ಟೋಪಿಯ ಲೆಂಪಿ ಅವನ ಪಕ್ಕದಲ್ಲೇ ಬಂದು ಕೂತಳು. ಎಂಬತ್ತೆಂಟು ವರ್ಷ, ಕೈಯಲ್ಲಿ ರೈ ಹಿಟ್ಟಿನ ಕಡುಬು.

"ಏನಪ್ಪಾ ಓತ್ಸೊ, ಮೊದಲನೇ ಹಾಡಿಗೆ ಹೊರಗೆ ಬಸ್ಸು ನಿಲ್ಲಿಸಿ ಬಂದಿದ್ಯಾ?"

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಓತ್ಸೊನೂ ನಕ್ಕ. ಆಮೇಲೆ ಇನ್ನೂ ನಾಲ್ಕು ಭಾನುವಾರ ಅವನು ಬಂದ. ಒಮ್ಮೆ ಮಣ್ಣಿಗೂ ನುಡಿಸಿದ. ಮಣ್ಣಿನ ದಿನ ಜನ ಅಳುತ್ತ ಹಾಡುವುದರಿಂದ ಉಸಿರು ಎಲ್ಲೆಲ್ಲೋ ಬರುತ್ತದೆ, ಅದು ಬೇರೆಯೇ ಕೆಲಸ ಎಂದು ಹಿಲ್ಕಾ ಮೊದಲೇ ಹೇಳಿದ್ದಳು. ಹಾಗೇ ಆಯಿತು. ವಾಪಸ್ಸು ಹೋಗುವಾಗ ಅವನು ಕಾರಿನಲ್ಲಿ ಬಹಳ ಹೊತ್ತು ಹಾಗೇ ಕೂತಿದ್ದನೆಂದು ವೇಯೊ ಹೇಳಿದ.

ಜನವರಿಯಲ್ಲಿ ತಾಂಪೆರೆಯ ಕಾರ್ಯಕ್ರಮದಲ್ಲಿ ರೈನೆ ಆ ಹನ್ನೆರಡು ಸಾಲಿಗೆ ಯಂತ್ರದ ತಾಳವನ್ನು ನಿಲ್ಲಿಸಿದ. ಓತ್ಸೊ ಕೀಬೋರ್ಡನ್ನು ಸಾಯ್ಮಿಯ ಕಡೆಗೆ ತಿರುಗಿಸಿಕೊಂಡು ತಾನೇ ನುಡಿಸಿದ. ಹಿಲ್ಕಾ ಹೋಗಿರಲಿಲ್ಲ, ಅಂದು ಗುರುವಾರ. ಮಾರನೇ ಬೆಳಿಗ್ಗೆ ಸಾಯ್ಮಿಯ ಫೋನು ಬಂತು. ಚೆನ್ನಾಗಿಯೇ ಆಯಿತಂತೆ, ಆರನೇ ಸಾಲನ್ನು ಎಷ್ಟು ಬೇಕೋ ಅಷ್ಟು ಎಳೆದಳಂತೆ. ಒಂದು ಕಡೆ ಮಾತ್ರ ಅವಳು ಕಾಯುತ್ತಾಳೆಂದು ಅವನು ಕಾದ, ಅವನು ಕಾಯುತ್ತಾನೆಂದು ಅವಳು ಕಾದಳು, ಇಡೀ ಅಂಗಣ ಗಪ್ಪಾಗಿ ನಿಂತಿತು, ಕೊನೆಗೆ ಡ್ರಮ್ಮಿನವನು ನಕ್ಕದ್ದು ಕೇಳಿ ಇಬ್ಬರೂ ಶುರುಮಾಡಿದರಂತೆ.

ಹಿಲ್ಕಾ ಫೋನು ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತು ನಕ್ಕಳು. ತಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಕೀರ್ತನೆಯ ಮಧ್ಯೆ ಹೀಗೇ ಕಾಯುತ್ತ ಕೂತುಬಿಟ್ಟಾಗ, ಆಗಿನ ಪಾದ್ರಿ ಇವಳಿಗೆ ನಿದ್ದೆ ಬಂತೇನೋ ಎಂದು ಮೆಟ್ಟಿಲು ಹತ್ತಿ ನೋಡಲು ಬಂದಿದ್ದರು ಎಂದು ಅವಳಿಗೆ ಹೇಳಿದಳು.